ಚುಕ್ಕೆಗೆ ತೂಕವಿಲ್ಲ

ಗಿರವಿ ಅಂಗಡಿಯವರ ಮುಖದಲ್ಲಿ ವಿಸ್ಮಯವೆಂಬುದು ಎಂದಿಗೂ ಸುಳಿಯದಿರುವುದು ಬಹುಕಾಲದಿಂದ ನನಗೊಂದು ಸಣ್ಣ ಮನಃಕ್ಲೇಶದ ವಿಷಯವಾಗಿದೆ. ಮದುವೆಯ ಪದಕವಾಗಲಿ, ಮಗುವಿನ ಬೆಳ್ಳಿಯ ಕಾಲ್ಗಡಗವಾಗಲಿ, ದಿವಂಗತರಾದ ಯಜಮಾನರ ಕೈಗಡಿಯಾರವಾಗಲಿ, ನೂರೈವತ್ತು ವರ್ಷಗಳ ಹಿಂದೆ ಟಂಕಸಾಲೆಯಿಂದ ಹೊರಬಿದ್ದ ರೂಪಾಯಿಯಾಗಲಿ, ಮುಂದಿಟ್ಟ ವಸ್ತು ಯಾವುದೇ ಇರಲಿ, ಅದನ್ನು ಅವರು ನೋಡುವ ನೋಟ ಒಂದೇ. ಆ ನೋಟದಲ್ಲಿ ಮೆಚ್ಚುಗೆಯಿಲ್ಲ, ತಿರಸ್ಕಾರವಿಲ್ಲ, ಅನುಕಂಪವಂತೂ ಮೊದಲೇ ಇಲ್ಲ. ಎರಡು ಬೆರಳುಗಳ ನಡುವೆ ಹಿಡಿದು, ಒಮ್ಮೆ ಒರೆಗಲ್ಲಿಗೆ ತಾಕಿಸಿ, ತಕ್ಕಡಿಯ ಮೇಲಿರಿಸಿ, ಒಂದು ಸಂಖ್ಯೆಯನ್ನು ಉಚ್ಚರಿಸಿ ಸುಮ್ಮನಾಗಿಬಿಡುತ್ತಾರೆ. ಮನಸ್ಸಿನ ಸಕಲ ವ್ಯಾಪಾರಗಳನ್ನೂ ಮುಖದ ಮೇಲೆ ಜಾಹೀರು ಮಾಡುವ ದೌರ್ಬಲ್ಯವುಳ್ಳ ನನ್ನಂಥವನಿಗೆ ಈ ನಿರ್ವಿಕಾರ ಸ್ಥಿತಿಯನ್ನು ಕಂಡರೆ ಕೋಪದೊಡನೆ ಕಿಂಚಿತ್ ಅಸೂಯೆಯೂ ಉಂಟಾಗುವುದು ಸಹಜವಷ್ಟೆ. ಸ್ಥಿತಪ್ರಜ್ಞನ ಲಕ್ಷಣಗಳನ್ನು ಗೀತೋಪನ್ಯಾಸಗಳಲ್ಲಿ ಹಲವು ಸಲ ಕೇಳಿದ್ದೇನೆ. ಆದರೆ ಅವನನ್ನು ಪ್ರತ್ಯಕ್ಷವಾಗಿ ಕಂಡದ್ದು ಬೆಂಗಳೂರಿನ ಅವೆನ್ಯೂ ರಸ್ತೆಯಿಂದ ನಗರ್ತಪೇಟೆಯ ಕಡೆಗೆ ತಿರುಗುವ ಗಲ್ಲಿಗಳಲ್ಲಿಯೇ. ಮಣ್ಣು, ಕಲ್ಲು, ಹೊನ್ನುಗಳಲ್ಲಿ ಸಮದೃಷ್ಟಿಯುಳ್ಳವನಾಗಿರಬೇಕೆಂಬ ಒಂದು ಲಕ್ಷಣ ಮಾತ್ರ ಅವನಿಗೆ ಹೊಂದಲಾರದು.

ನನಗಿರುವುದು ಹಳೆಯ ನಾಣ್ಯಗಳ ಸಂಗ್ರಹವೆಂಬ, ಸಂಸಾರಕ್ಕೆ ಅಷ್ಟೇನೂ ಉಪದ್ರವವಿಲ್ಲದ ಒಂದು ವ್ಯಸನ. ಈ ವ್ಯಸನಕ್ಕೆ ಬಿದ್ದವರಿಗೆ ಗಿರವಿ ಅಂಗಡಿಯು ಒಂದು ತೀರ್ಥಸ್ಥಳ. ಏಕೆಂದರೆ ಬಿಡಿಸಿಕೊಳ್ಳಲಾರದೆ ಜನ ಬಿಟ್ಟುಹೋದ ಬೆಳ್ಳಿಯ ರಾಶಿಯಲ್ಲಿ ಒಮ್ಮೊಮ್ಮೆ ರಾಣಿ ಛಾಪಿನ ರೂಪಾಯಿಗಳೂ, ರಾಜನ ಕಾಲದ ಅರ್ಧ ರೂಪಾಯಿ ಪಾವಲಿಗಳೂ ಕಲೆತುಕೊಂಡು, ಕರಗಿಸುವವನ ಮೂಸೆಯ ಸರದಿಗಾಗಿ ಕಾಯುತ್ತಿರುತ್ತವೆ. ವಿಕ್ಟೋರಿಯಾ ರಾಣಿಯ ರೂಪಾಯಿಗಳಲ್ಲಿ 1862 ಎಂಬ ವರ್ಷವನ್ನು ಹೊತ್ತವು ಧಾರಾಳವಾಗಿ ಸಿಗುವುದನ್ನು ಓದುಗರಲ್ಲಿ ಕೆಲವರಾದರೂ ಗಮನಿಸಿರಬಹುದು. ಆ ಒಂದು ವರ್ಷದಲ್ಲಿಯೇ ದೇಶಕ್ಕೆ ಐಶ್ವರ್ಯ ಉಕ್ಕಿತೆಂದಲ್ಲ; 1874ರವರೆಗೂ ಟಂಕಸಾಲೆಗಳು ವರ್ಷವನ್ನು ಬದಲಿಸುವ ಗೋಜಿಗೆ ಹೋಗದೆ ಅದೇ 1862ನ್ನು ಒತ್ತುತ್ತಲೇ ಇದ್ದವು. ಮುಂಬಯಿಯ ಟಂಕಸಾಲೆಯವರು ಮಾತ್ರ ತಮ್ಮ ಗುರುತಿಗಾಗಿ ಅಂಕಿಗಳ ಆಸುಪಾಸಿನಲ್ಲಿ ಸಾಸಿವೆಗಿಂತ ಸಣ್ಣದಾದ ಚುಕ್ಕೆಗಳನ್ನು ಇರಿಸಿದರು. ಎಷ್ಟು ಚುಕ್ಕೆ, ಎಲ್ಲಿ ಚುಕ್ಕೆ ಎಂಬುದರ ಮೇಲೆ ಆ ರೂಪಾಯಿಯ ಕುಲಗೋತ್ರಗಳೂ, ತತ್ಪರಿಣಾಮವಾಗಿ ಅದರ ಬೆಲೆಯೂ ನಿಶ್ಚಯವಾಗುತ್ತವೆ. ಭೂತಗನ್ನಡಿಯನ್ನು ಕಣ್ಣಿಗೆ ಅಂಟಿಸಿಕೊಂಡು, ಉಸಿರು ಬಿಗಿಹಿಡಿದು, ಚುಕ್ಕೆಗಳನ್ನೆಣಿಸುತ್ತ ಒಂದು ಮಧ್ಯಾಹ್ನವನ್ನೇ ಕಳೆಯಬಲ್ಲ ವಯಸ್ಕರು ಈ ಲೋಕದಲ್ಲಿದ್ದಾರೆಂದರೆ ಅನೇಕರು ನಂಬಲಿಕ್ಕಿಲ್ಲ. ಹೀಗೆ ಎಣಿಸುತ್ತಿದ್ದ ನನ್ನನ್ನು ಬಹಳ ಹೊತ್ತು ಸೈರಣೆಯಿಂದ ನೋಡಿದ ಸೇಠರೊಬ್ಬರು, ಅಚ್ಚ ಬೆಂಗಳೂರು ಕನ್ನಡದಲ್ಲಿ, "ಸ್ವಾಮಿ, ಚುಕ್ಕೆಗೆ ತೂಕ ಇಲ್ಲ" ಎಂದರು.

ತೂಕವಿಲ್ಲದ್ದಕ್ಕೆ ಬೆಲೆ ಕಟ್ಟುವುದು ಅವರ ಶಾಸ್ತ್ರದಲ್ಲಿಲ್ಲ. ಆ ಶಾಸ್ತ್ರದ ಸೂತ್ರಗಳು ಬಹಳ ಸರಳವಾದುವು. ಹೊಸದಾಗಿ ಹೊರಬಿದ್ದಾಗ ರೂಪಾಯಿಯ ತೂಕ ಒಂದು ತೊಲ, ಎಂದರೆ 11.66 ಗ್ರಾಂ, ಅದರ ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿ, ಎಂದರೆ ಸುಮಾರು 10.69 ಗ್ರಾಂ. ಬೆಳ್ಳಿ ಗ್ರಾಮಿಗೆ 100 ರೂಪಾಯಿ ಎಂದು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಂಡರೆ, ಚಿನಿವಾರ ಪೇಟೆಯ ಧಾರಣೆಯನ್ನು ಪತ್ರಿಕೆಯಲ್ಲಿ ಓದಿಕೊಂಡು ಬಂದ ಗೃಹಸ್ಥನು ತನಗೆ 1,069 ರೂಪಾಯಿ ಬರಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲಿಯೇ ಗುಣಿಸಿಕೊಂಡಿರುತ್ತಾನೆ. ಅಂಗಡಿಯಲ್ಲಿ ಮೊದಲು ಸವಕಳಿ: ನೂರಾರು ಕೈಗಳನ್ನು ಹಾದುಬಂದ ರೂಪಾಯಿ 11.4 ಗ್ರಾಮಿಗೆ ಇಳಿದಿರುತ್ತದೆ. ಬಳಿಕ ಶುದ್ಧಿ: ನೂರಕ್ಕೆ ತೊಂಬತ್ತೊಂದೆಂದು ಗ್ರಂಥಗಳು ಹೇಳಿದರೇನು, ಕರಗಿಸಿದ ಮೇಲೆ ಎಷ್ಟು ಹೊರಡುವುದೋ ಬಲ್ಲವರಾರು ಎಂಬ ಸಂದೇಹದ ಲಾಭವನ್ನು ತಮಗೇ ಇಟ್ಟುಕೊಂಡು ಅವರು ಎಂಬತ್ತೈದನ್ನು ಹಿಡಿಯುತ್ತಾರೆ. 969 ರೂಪಾಯಿ ಆಯಿತು. ಕರಗಿಸುವ ಕೂಲಿ ಇನ್ನಷ್ಟನ್ನು ನುಂಗುವುದು. ಮಾರುವುದಲ್ಲ, ಒತ್ತೆಯಿಡುವುದೆಂದರೆ ಉಳಿದುದರಲ್ಲಿಯೂ ಮುಕ್ಕಾಲು ಪಾಲನ್ನು ಮಾತ್ರ ಕೊಟ್ಟಾರು. ಏಕೆಂದರೆ ಇಟ್ಟವನು ಮರಳಿ ಬಾರದೆ, ಬೆಳ್ಳಿಯ ಧಾರಣೆಯೂ ಬಿದ್ದುಹೋಗಿ, ಒಡವೆಯನ್ನು ಹರಾಜಿಗೆ ಹಾಕುವ ದಿನ ಬಂದರೆ ಅಸಲಿಗೂ ಬಡ್ಡಿಗೂ ಆ ಕಾಲುಪಾಲೇ ಆಸರೆ. 1,069ರ ಕನಸು ಕಂಡವನು 700ರ ಆಸುಪಾಸಿನ ನೋಟುಗಳನ್ನು ಮಡಿಸಿಕೊಂಡು ಮೆಟ್ಟಿಲಿಳಿಯುತ್ತ, ತನ್ನನ್ನು ಸುಲಿದರೆಂದು ಭಾವಿಸುವುದು ವಾಡಿಕೆ. ನಾನೂ ಹಾಗೆಯೇ ಭಾವಿಸುತ್ತಿದ್ದೆ. ಈಗ ಅಷ್ಟು ಖಚಿತವಾಗಿ ಹೇಳಲಾರೆ.

ಗಿರವಿಯವರನ್ನು ಕಟುಹೃದಯರೆಂದು ಹಳಿಯುವಾಗ ನಮ್ಮ ನಾಡಿನ ಹರಿದಾಸಶ್ರೇಷ್ಠರೊಬ್ಬರು ಪೂರ್ವಾಶ್ರಮದಲ್ಲಿ ಇದೇ ಕಸುಬಿನವರಾಗಿದ್ದರೆಂಬ ಪ್ರತೀತಿಯನ್ನು ನಾವು ಮರೆತುಬಿಡುತ್ತೇವೆ. ನವಕೋಟಿ ನಾರಾಯಣನೆನಿಸಿದ ಶ್ರೀನಿವಾಸ ನಾಯಕನು ಬಡ ಬ್ರಾಹ್ಮಣನನ್ನು ದಿನದಿನವೂ ಅಲೆಸಿದ್ದೂ, ನಾಯಕನ ಹೆಂಡತಿ ದಾನವಾಗಿ ಕೊಟ್ಟ ಮೂಗುತಿ ಸುತ್ತಿ ಬಳಸಿ ನಾಯಕನ ಅಂಗಡಿಗೇ ಒತ್ತೆಗೆ ಬಂದದ್ದೂ, ಆತನು ಸರ್ವಸ್ವವನ್ನೂ ತ್ಯಜಿಸಿ ಪುರಂದರದಾಸನಾದದ್ದೂ ಹರಿಕಥೆಗಳಿಂದ ಎಲ್ಲರಿಗೂ ತಿಳಿದದ್ದೇ. ಆ ಕಥೆಯನ್ನು ಕೆಲವರು ಹೇಳುವಾಗ ಒಂದು ಪ್ರಸಂಗ ಬರುತ್ತದೆ: ಬ್ರಾಹ್ಮಣನ ಕಾಟ ತಾಳಲಾರದೆ ನಾಯಕನು ಸವೆದು ಅಚ್ಚಳಿದ ನಾಣ್ಯಗಳ ರಾಶಿಯನ್ನು ಅವನ ಮುಂದೆ ಸುರಿದು, ಬೇಕಾದ ಒಂದನ್ನು ಆರಿಸಿಕೊಂಡು ತೊಲಗೆಂದು ಹೇಳುತ್ತಾನೆ. ಈ ಸ್ಥಳ ಬಂದಾಗ ಸಭಿಕರೆಲ್ಲರೂ ನಾಯಕನ ಲೋಭಕ್ಕೆ ಮರುಗುತ್ತಿರಲು, ನನ್ನ ಚಿತ್ತ ಮಾತ್ರ ಪಾಪ, ಆ ರಾಶಿಯ ಕಡೆಗೆ ಓಡಿಹೋಗುತ್ತದೆ. ವಿಜಯನಗರದ ವೈಭವದ ದಿನಗಳ ರಾಶಿಯದು. ಅದರಲ್ಲಿ ಯಾವ ಯಾವ ರಾಯರ ವರಾಹಗಳಿದ್ದುವೋ, ಎಷ್ಟು ತೆರನ ಕಾಸುಗಳಿದ್ದುವೋ! ನಾನು ಆ ಬ್ರಾಹ್ಮಣನಾಗಿದ್ದಿದ್ದರೆ ರಾಶಿಯನ್ನು ಕೆದಕುತ್ತ ಅಲ್ಲಿಯೇ ಕುಳಿತುಬಿಡುತ್ತಿದ್ದೆ. ಮೂಗುತಿಯ ಪ್ರಸಂಗವೇ ನಡೆಯುತ್ತಿರಲಿಲ್ಲ. ಕರ್ನಾಟಕ ಸಂಗೀತಕ್ಕೆ ಎಂಥ ನಷ್ಟವಾಗುತ್ತಿತ್ತೆಂಬುದನ್ನು ನೆನೆದರೆ ಎದೆ ನಡುಗುತ್ತದೆ.

ತಿಪಟೂರಿನ ಕಡೆಯ ಹಳ್ಳಿಯಲ್ಲಿದ್ದ ನನ್ನ ಸೋದರತ್ತೆಯವರು ಒಮ್ಮೆ ಮನೆಗೆ ಹಂಚು ಹೊದಿಸುವ ಖರ್ಚಿಗಾಗಿ ಒಂದು ಬಟ್ಟೆಯ ಸಂಚಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ನಮ್ಮಲ್ಲಿಗೆ ಬಂದರು. ಅವರ ಮಾವನವರ ಕಾಲದ ರೂಪಾಯಿಗಳು ಅದರಲ್ಲಿದ್ದುವು. ಎರಡನೆಯ ಮಹಾಯುದ್ಧದ ಅಭಾವದಲ್ಲಿ ಸರ್ಕಾರವು 1940ರಲ್ಲಿ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕಿಳಿಸಿ, ಹಳೆಯ ಅಪ್ಪಟ ಬೆಳ್ಳಿಯ ರೂಪಾಯಿಗಳನ್ನು ಚಲಾವಣೆಯಿಂದ ಹಿಂದಕ್ಕೆ ಕರೆಸಿಕೊಳ್ಳುತ್ತಿರಲು, ನಮ್ಮ ಹಳ್ಳಿಗಳ ಯಜಮಾನರು ಆ ಕರೆ ತಮಗಲ್ಲವೆಂಬಂತೆ ಗೋಡೆಯ ಗೂಡಿನಲ್ಲಿಯೋ, ಕಣಜದ ತಳದಲ್ಲಿಯೋ ಇಟ್ಟು ಮರೆತ ರೂಪಾಯಿಗಳೇ ಇವು. ರಾಜಾಜ್ಞೆಯ ಬಲ ಹೋಯಿತು, ಬೆಳ್ಳಿಯ ಬಲ ಉಳಿಯಿತು. ಸಂಜೆ ಅತ್ತೆಯವರು ಸಂಚಿಯನ್ನು ಬಿಚ್ಚಿದಾಗ, ಆರೇಳು ದಶಕಗಳ ಕತ್ತಲೆಯಲ್ಲಿ ಆ ನಾಣ್ಯಗಳಿಗೆ ಹತ್ತಿದ್ದ ಹೊಗೆಯ ಬಣ್ಣವನ್ನು, ಅಂಚಿನಲ್ಲಿ ನೀಲಿ, ನಡುವೆ ಕಂದು, ರಾಣಿಯ ಕೆನ್ನೆಯ ಮೇಲೆ ಅದೊಂದು ಬಗೆಯ ಹೊಂಬಣ್ಣ, ಎಲ್ಲವನ್ನೂ ಕಂಡು ನಾನು ಮೂಕನಾಗಿಬಿಟ್ಟೆ. ಸಂಗ್ರಾಹಕರು ಹಣ ಕೊಡುವುದು ಇದಕ್ಕೇ. ಕಾಲವು ಪುಕ್ಕಟೆಯಾಗಿ ಬಳಿದುಕೊಟ್ಟ ಆ ಬಣ್ಣವನ್ನು ಕುಶಲರಾದ ನಕಲಿಗಾರರು ಕೂಡ ಸುಲಭವಾಗಿ ತರಲಾರರು. ಬೆಳಗ್ಗೆ ಒಳ್ಳೆಯ ವ್ಯಾಪಾರಿಯ ಬಳಿಗೆ ಕರೆದೊಯ್ಯುತ್ತೇನೆಂದು ಹೇಳಿ, ಸಂತೋಷದಿಂದ ಮಲಗಿದೆ.

ಬೆಳಗ್ಗೆ ಎದ್ದು ಹಿತ್ತಿಲಿಗೆ ಹೋದರೆ, ತುಳಸಿಯ ಕಟ್ಟೆಯ ಮೇಲೆ ಮಗ್ಗುಲು ಮಗ್ಗುಲಾಗಿ ಒಣಗಹಾಕಿದ ರೂಪಾಯಿಗಳು ಸೂರ್ಯನನ್ನು ನಾಚಿಸುವಂತೆ ಫಳಫಳಿಸುತ್ತಿದ್ದುವು. ಬ್ರಾಹ್ಮೀ ಮುಹೂರ್ತದಲ್ಲಿಯೇ ಎದ್ದ ಅತ್ತೆಯವರು ಹುಣಸೆಯ ಹುಳಿ, ಉಪ್ಪು, ರಂಗೋಲಿಯ ಪುಡಿಗಳಿಂದ ಒಂದೊಂದನ್ನೂ ತಿಕ್ಕಿ ತಿಕ್ಕಿ ತೊಳೆದಿದ್ದರು. ನನ್ನ ಮುಖವನ್ನು ನೋಡಿ, "ಯಾಕೋ ಹಾಗೆ ನಿಂತೆ? ನಾಲ್ಕು ಜನರ ಮುಂದೆ ಇಡೋ ಪದಾರ್ಥ ಮಾಸಲಾಗಿದ್ದರೆ ನಮ್ಮ ಮನೆಯವರನ್ನು ಏನಂದಾರು?" ಎಂದರು. ತೊಳೆದ ನಾಣ್ಯವೆಂದರೆ ಸಂಗ್ರಾಹಕನಿಗೆ ಚರ್ಮ ಸುಲಿದ ನಾಣ್ಯ. ಗೀಚಿನ ಗೆರೆಗಳನ್ನು ಭೂತಗನ್ನಡಿ ತೋರಿಸಿಬಿಡುತ್ತದೆ, ಬೆಲೆ ಪಾತಾಳಕ್ಕಿಳಿಯುತ್ತದೆ. ಇದನ್ನು ಅವರಿಗೆ ವಿವರಿಸಲು ನಾನು ಮಾಡಿದ ಪ್ರಯತ್ನವೆಲ್ಲ ವ್ಯರ್ಥವಾಯಿತು. ಕೊಳೆಗೆ ಕಾಸು ಕೊಡುವ ಮನುಷ್ಯರಿದ್ದಾರೆಂದರೆ, ಅವರು ನಂಬುವುದಾದರೂ ಹೇಗೆ? ನಾನು ಹೇಳಿದ ವ್ಯಾಪಾರಿ ಭೂತಗನ್ನಡಿಯಿಂದ ಒಂದೆರಡನ್ನು ನೋಡಿ, ಬಹು ವಿನಯದಿಂದ, ಗಿರವಿ ಅಂಗಡಿಯ ದಾರಿಯನ್ನು ತೋರಿಸಿದನು.

ಗಿರವಿ ಅಂಗಡಿಯಲ್ಲಿ ತೊಳೆದದ್ದಕ್ಕೂ ತೊಳೆಯದಿದ್ದುದಕ್ಕೂ ಭೇದವಿಲ್ಲವೆಂಬುದು ಅಂದು ನನಗೆ ದೊಡ್ಡ ಸಮಾಧಾನವಾಗಿ ತೋರಿತು. ಪರವಾನಗಿಯ ಕಾಗದವನ್ನು ಕಟ್ಟು ಹಾಕಿಸಿ, ಅದರ ಪಕ್ಕದಲ್ಲಿ ಲಕ್ಷ್ಮಿಯ ಪಟವನ್ನೂ ತೂಗುಹಾಕಿದ್ದ ಆ ಇಕ್ಕಟ್ಟಾದ ಕೋಣೆಯಲ್ಲಿ, ಸೇಠರು ಮೊದಲು ಖಾಲಿ ಡಬ್ಬಿಯನ್ನು ತಕ್ಕಡಿಯ ಮೇಲಿಟ್ಟು, ಅದರ ತೂಕವನ್ನು ಕಳೆದು ಸೊನ್ನೆ ಮಾಡಿ, ಅತ್ತೆಯವರಿಗೆ ಆ ಸೊನ್ನೆಯನ್ನು ಎರಡು ಸಲ ತೋರಿಸಿ, ಬಳಿಕ ರೂಪಾಯಿಗಳನ್ನು ಸುರಿದರು. ಕೆಂಪು ಅಂಕಿಗಳು ಓಡಿ ನಿಂತುವು. ಕೊಂಡಿ ಬೆಸೆದಿದ್ದ ಒಂದೆರಡು ರೂಪಾಯಿಗಳನ್ನು ಪ್ರತ್ಯೇಕವಾಗಿ ತೆಗೆದಿಟ್ಟರು. ಯಾವಳೋ ಸೊಸೆಯ ಕಾಸಿನ ಸರದಲ್ಲಿ ಒಂದು ಕಾಲಕ್ಕೆ ಮೆರೆದುವಿರಬೇಕು. ಬೆಸುಗೆಯಲ್ಲಿ ಕಳಪೆ ಲೋಹವಿರುತ್ತದಾದ್ದರಿಂದ ಅವಕ್ಕೆ ಬೇರೆ ಲೆಕ್ಕ. ಸಂಖ್ಯೆಯನ್ನು ಕೇಳಿದ ಅತ್ತೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಪ್ಪಾ, ಬೆಳ್ಳಿಗೆ ಆಯಿತು, ರಾಣಿಗೆ ಏನೂ ಇಲ್ಲವೇ?" ಎಂದು ಕೇಳಿದರು. "ಅಮ್ಮಾ, ರಾಣಿಯನ್ನೂ ಸೇರಿಸಿಯೇ ತೂಗಿದ್ದೀನಿ" ಎಂದರು ಸೇಠರು. ಆ ಉತ್ತರದಲ್ಲಿ ಅತ್ತೆಯವರಿಗೆ ಯಾವ ನ್ಯಾಯ ಕಂಡಿತೋ, ತಲೆಯಾಡಿಸಿದರು. ಮಾರುವುದಕ್ಕೆ ಮಾತ್ರ ಒಪ್ಪಲಿಲ್ಲ. ಮಾರಿದರೆ ಮನೆಯ ಲಕ್ಷ್ಮಿ ಹೊರಟುಹೋದಂತೆ, ಒತ್ತೆಯಿಟ್ಟರೆ ನೆಂಟರ ಮನೆಗೆ ಹೋಗಿಬಂದಂತೆ ಎಂಬುದು ಅವರ ಸಿದ್ಧಾಂತ. ಕೊಬ್ಬರಿಗೆ ಒಳ್ಳೆಯ ಧಾರಣೆ ಬಂದ ವರ್ಷ ಚೀಟಿಯನ್ನು ಹಿಡಿದು ಬಂದು ಬಿಡಿಸಿಕೊಂಡರು. ಕೊಟ್ಟ ಬಡ್ಡಿಯನ್ನು ನೆಂಟರಿಗೆ ಕೊಟ್ಟ ಉಡುಗೊರೆಯೆಂದು ತಿಳಿದುಕೊಂಡರೆಂದು ತೋರುತ್ತದೆ.

ನಾಣ್ಯವ್ಯಾಪಾರಿಯ ಲಾಭವು ಗಿರವಿಯವರ ಲಾಭಕ್ಕಿಂತ ಭಿನ್ನವಾದ ಜಾತಿಯದು, ಮತ್ತು ನನ್ನ ಅಭಿಪ್ರಾಯದಲ್ಲಿ ಹೆಚ್ಚು ನಿಗೂಢವಾದುದು. ಪ್ರದರ್ಶನಗಳಲ್ಲಿ ಮೇಜು ಹಾಕಿಕೊಂಡು ಕೂರುವ ಮುದುಕರೊಬ್ಬರು ಒಂದು ದಿನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅದರ ಮರ್ಮವನ್ನು ನನಗೆ ಬಿಡಿಸಿ ಹೇಳಿದರು. ಎಲ್ಲರೂ ಕೇಳುವ ಸಾಧಾರಣ ರೂಪಾಯಿ ಈ ವಾರ ಬಂದು ಬರುವ ವಾರ ಹೋಗುತ್ತದೆ. ಆದುದರಿಂದ ಅದನ್ನು ನೂರಕ್ಕೆ ಮಾರಬೇಕಾದರೆ ಎಂಬತ್ತೈದು ಕೊಟ್ಟು ಕೊಳ್ಳಬಹುದು. ವಿರಳವಾದ ನಾಣ್ಯಕ್ಕೆ ಗಿರಾಕಿಯೂ ವಿರಳ. ಅವನು ಈ ವರ್ಷ ಬಂದಾನು, ಐದು ವರ್ಷದ ಮೇಲೆ ಬಂದಾನು, ಬಾರದೆಯೂ ಇದ್ದಾನು. ಅಷ್ಟು ಕಾಲವೂ ಬಂಡವಾಳ ಪೆಟ್ಟಿಗೆಯಲ್ಲಿ ನಿದ್ರಿಸುತ್ತಿರುತ್ತದೆ, ಬಡ್ಡಿ ಮಾತ್ರ ಹೊರಗೆ ಎಚ್ಚರವಾಗಿರುತ್ತದೆ. ಅಂಥದನ್ನು ಅರ್ಧ ಬೆಲೆಗಿಂತ ಹೆಚ್ಚಿಗೆ ಕೊಳ್ಳುವವನು ಹೆಂಡತಿ ಮಕ್ಕಳನ್ನು ಉಪವಾಸ ಕೆಡವುತ್ತಾನೆ. "ನಾನು ಮಾರೋದು ನಾಣ್ಯ ಅಲ್ಲ ಸ್ವಾಮಿ, ನಾನು ಕಾದ ವರ್ಷಗಳನ್ನ" ಎಂದರು. ಮಾತು ಅತ್ಯಂತ ಗಂಭೀರವಾಗಿತ್ತು. ಆದರೆ ಅಷ್ಟರಲ್ಲಿ ಗಿರಾಕಿಯೊಬ್ಬನು ಬಂದು ಅವರು ಕಾಯದೇ ಇದ್ದ, ಅಂದು ಬೆಳಗ್ಗೆ ತಾನೇ ಕೊಂಡಿದ್ದ ನಾಣ್ಯವೊಂದನ್ನು ಕೇಳಲು, ಅದಕ್ಕೂ ಅವರು ಅಷ್ಟೇ ವರ್ಷಗಳ ಬೆಲೆಯನ್ನು ಹೇಳಿದ್ದನ್ನು ಕಂಡೆ.

ತಪ್ಪನ್ನು ಹೊತ್ತ ನಾಣ್ಯಕ್ಕೆ ನೆಟ್ಟಗಿರುವುದಕ್ಕಿಂತ ಹೆಚ್ಚು ಬೆಲೆಯೆಂಬುದು ಈ ಲೋಕದ ಇನ್ನೊಂದು ವೈಚಿತ್ರ್ಯ. ಐದನೆಯ ಜಾರ್ಜನ 1911ರ ರೂಪಾಯಿಯಲ್ಲಿ ದೊರೆಯ ನಿಲುವಂಗಿಯ ಮೇಲಿನ ಆನೆಯನ್ನು ಕೆತ್ತಿದವನ ಕೈಯಲ್ಲಿ ಸೊಂಡಿಲು ಮೊಟಕಾಗಿ, ಅದು ನೋಡಿದವರಿಗೆ ಹಂದಿಯಂತೆ ಕಂಡಿತು. ಜನ ರೊಚ್ಚಿಗೆದ್ದರು, ಹಂದಿಯ ರೂಪಾಯಿಯನ್ನು ಮುಟ್ಟೆವೆಂದರು, ಸರ್ಕಾರವು ಬಹುಪಾಲನ್ನು ಹಿಂತೆಗೆದುಕೊಂಡು ಕರಗಿಸಿ, 1912ರಲ್ಲಿ ಆನೆಗೆ ಅದರ ಸೊಂಡಿಲನ್ನು ಮರಳಿ ದಯಪಾಲಿಸಿತು. ಸಾಮ್ರಾಜ್ಯದ ಸಮಸ್ತ ದಂಡನೀತಿಯೂ ಒಂದು ಸೊಂಡಿಲಿನ ಮುಂದೆ ಹೀಗೆ ಬಾಗಿದ್ದುಂಟು. ಇಂದು ಸಂಗ್ರಾಹಕರು ಆನೆಯನ್ನು ಬದಿಗೆ ಸರಿಸಿ ಹಂದಿಗಾಗಿ ಹುಡುಕುತ್ತಾರೆ. ಆರನೆಯ ಜಾರ್ಜನ 1939ರ ರೂಪಾಯಿಯಂತೂ ಇನ್ನೂ ದುರ್ಲಭ. ಅದನ್ನು ಕಂಡೆನೆಂದು ಹೇಳುವವರಲ್ಲಿ ಬಹುಮಂದಿ ಕಂಡದ್ದು, ಬೇರೊಂದು ವರ್ಷದ ಅಂಕಿಯನ್ನು ಕೊರೆದು ತಿದ್ದಿದ ನಕಲನ್ನು. ಗಿರವಿಯ ತಕ್ಕಡಿಗೆ ಆನೆಯೂ ಹಂದಿಯೂ ಒಂದೇ. ಆ ತಕ್ಕಡಿಯಲ್ಲಿ ಕೊಳ್ಳುವವನಿಗೆ ಮೋಸವಾಗುವ ಸಂಭವವೂ ಕಡಮೆ. ತಿದ್ದಿದ ಅಂಕಿಯನ್ನು ತೂಗಿದರೆ ಎಷ್ಟು ತೂಗೀತು?

ಬೆಲೆಯ ಈ ದ್ವೈತವನ್ನು ಅರಿಯದವರ ಕಾಟ ಇತ್ತೀಚೆಗೆ ಗಿರವಿ ಅಂಗಡಿಗಳಿಗೂ ತಟ್ಟಿದೆ. ವೈಷ್ಣೋದೇವಿಯ ಚಿತ್ರವುಳ್ಳ, 2012ರ ಐದು ರೂಪಾಯಿಯ ನಾಣ್ಯಕ್ಕೆ ಲಕ್ಷಗಟ್ಟಲೆ ಬೆಲೆಯೆಂದು ದೂರವಾಣಿಯಲ್ಲಿ ಯಾರೋ ಕಳುಹಿಸಿದ್ದನ್ನು ನಂಬಿ, ಚಿಲ್ಲರೆಯ ಡಬ್ಬಿಗಳನ್ನು ಬರಿದು ಮಾಡಿಕೊಂಡು ಬರುವವರಿದ್ದಾರೆ. ರಾಮ ಸೀತೆಯರ ಚಿತ್ರದ ಮೇಲೆ ಕಂಪನಿ ಸರ್ಕಾರದ ಹೆಸರನ್ನೊತ್ತಿದ ಹೊಸ ಹಿತ್ತಾಳೆಯ ಬಿಲ್ಲೆಯನ್ನು ರೇಷ್ಮೆಯ ವಸ್ತ್ರದಲ್ಲಿ ಸುತ್ತಿ ತರುವವರಿದ್ದಾರೆ. ಅಕ್ಕಿಯ ಕಾಳುಗಳನ್ನು ತನ್ನತ್ತ ಸೆಳೆಯುವ ನಾಣ್ಯವೊಂದುಂಟೆಂದು ನಂಬಿ ಗದ್ದೆ ಮಾರಿದವರ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಹಳೆಯ ನಾಣ್ಯ ನೋಟುಗಳನ್ನು ಕೊಳ್ಳುತ್ತೇವೆ, ಮೊದಲು ಶುಲ್ಕ ಕಟ್ಟಿರಿ ಎಂದು ತನ್ನ ಹೆಸರಿನಲ್ಲಿ ವಂಚಿಸುವವರಿಂದ ದೂರವಿರಬೇಕೆಂದು ರಿಸರ್ವ್ ಬ್ಯಾಂಕೇ 2021ರ ಆಗಸ್ಟಿನಲ್ಲಿ ಪ್ರಕಟಣೆ ಹೊರಡಿಸಬೇಕಾಯಿತು. ನಾನು ಮೆಚ್ಚದಿದ್ದ ಆ ನಿರ್ವಿಕಾರ ಮುಖಕ್ಕೆ ಇಂಥ ಸಂದರ್ಭದಲ್ಲಿ ಒಂದು ಧರ್ಮವೂ ಇದೆಯೆಂದು ನನಗೆ ಹೊಳೆದದ್ದು, ಲಕ್ಷದ ಆಸೆಯಿಂದ ಬಂದ ಹುಡುಗನೊಬ್ಬನಿಗೆ ಸೇಠರು, ನಗದೆ, ಬಯ್ಯದೆ, "ಇದು ಐದು ರೂಪಾಯಿ ನಾಣ್ಯ, ಐದು ರೂಪಾಯಿಗೆ ನಡೆಯುತ್ತೆ" ಎಂದು ಹಿಂದಿರುಗಿಸಿದ್ದನ್ನು ನೋಡಿದಾಗ.

ಬೆಲೆಯ ವಿಷಯದಲ್ಲಿ ನಮ್ಮವರು ಇಷ್ಟು ತಬ್ಬಿಬ್ಬಾಗುವುದು ಹೊಸತೇನೂ ಅಲ್ಲ. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಬುಕಾನನ್ ಸಾಹೇಬನು ಬೆಳೆ, ಮಣ್ಣು, ಜಾತಿಗಳ ಜೊತೆಗೆ ನಾಣ್ಯಗಳ ಪಟ್ಟಿಗಳನ್ನೂ ಬರೆದುಕೊಂಡನು. ಬಗೆಬಗೆಯ ವರಾಹಗಳು, ಹಣಗಳು, ರೂಪಾಯಿಗಳು, ಕಾಸುಗಳು. ಹೈದರನು ಆಳಿದಾಗಲೂ ವರಾಹದ ಮೇಲೆ ಶಿವ ಪಾರ್ವತಿಯರು ಕುಳಿತೇ ಇದ್ದರು. ಟಿಪ್ಪುವಿನ ತಾಮ್ರದ ಮೇಲೆ ಆನೆ ನಡೆಯುತ್ತಿತ್ತು. ಕಂಠೀರವ ನರಸರಾಜ ಒಡೆಯರು ಹದಿನೇಳನೆಯ ಶತಮಾನದಲ್ಲಿ ಹೊರಡಿಸಿದ, ಅರ್ಧ ಗ್ರಾಮಿಗಿಂತಲೂ ಹಗುರವಾದ ಕಂಠೀರಾಯ ಹಣವೋ ಉಗುರಿನ ಸಂದಿನಲ್ಲಿ ಕಳೆದುಹೋಗುವಷ್ಟು ಚಿಕ್ಕದು. ಒಂದನ್ನು ಇನ್ನೊಂದಕ್ಕೆ ಬದಲಿಸಿಕೊಡುವ ಚಿನಿವಾರನು ಪ್ರತಿಯೊಂದು ಬದಲಾವಣೆಗೂ ಬಟ್ಟವೆಂದು ಇಷ್ಟಿಷ್ಟನ್ನು ಮುರಿದುಕೊಳ್ಳುತ್ತಿದ್ದನು. ಸಂತೆಗೆ ಬಂದ ರೈತನು ಎಷ್ಟು ಮುಖಗಳನ್ನು ನೋಡಿ ತನ್ನ ಹಣದ ಬೆಲೆಯನ್ನು ಊಹಿಸಬೇಕಾಗಿತ್ತೋ! ಚಿನಿವಾರನ ಮುಖವು ಏನನ್ನೂ ಹೇಳದಂತಾದದ್ದು ಅಂದಿನಿಂದಲೇ ಇರಬೇಕು; ಹುಬ್ಬು ಮೇಲೇರಿದರೆ ಮಾರುವವನು ಬೆಲೆಯೇರಿಸುವನು. ವಿಸ್ಮಯವು ಈ ಕಸುಬಿನಲ್ಲಿ ಖರ್ಚಿನ ಬಾಬತ್ತು.

ಇದನ್ನರಿತ ಮೇಲೆ ನಾನೂ ಆ ಮುಖವನ್ನು ಅಭ್ಯಾಸ ಮಾಡಿದೆ. ಕನ್ನಡಿಯ ಮುಂದೆ ನಿಂತು, ಬೇಕಾದ ನಾಣ್ಯವನ್ನು ಬೇಡವೆಂಬಂತೆ ನೋಡುವುದನ್ನೂ, ಬೇಡದ ನಾಲ್ಕನ್ನು ಎತ್ತಿ ವಿಚಾರಿಸಿ, ಹೋಗುವಾಗ ನೆನಪಾದವನಂತೆ "ಅದೋ, ಅದಕ್ಕೇನು ಹೇಳ್ತೀರಿ?" ಎಂದು ಕೇಳುವುದನ್ನೂ ಕಲಿತುಕೊಂಡು ಪ್ರದರ್ಶನಕ್ಕೆ ಹೋದೆ. ಎಲ್ಲವೂ ನಾಟಕದ ಕ್ರಮದಲ್ಲಿಯೇ ನಡೆಯಿತು. ಕೊನೆಯ ಮಾತನ್ನು ಉದಾಸೀನನಾಗಿ ಆಡಿದೆ. ಆ ಮುದುಕರು ನನ್ನನ್ನು ಒಮ್ಮೆ ನೋಡಿ, "ತಾವು ಬಂದಾಗಿನಿಂದ ಅದೊಂದನ್ನೇ ನೋಡ್ತಿಲ್ಲ ಸ್ವಾಮಿ, ಅದಕ್ಕೇ ಬೆಲೆ ಸ್ವಲ್ಪ ಜಾಸ್ತಿ" ಎಂದರು. ಇನ್ನು ಮಾರುವ ಸರದಿ ಬಂದಾಗಲಾದರೋ, ನನ್ನಲ್ಲಿರುವ ಎರಡೆರಡು ಪ್ರತಿಗಳ ಪೈಕಿ ಒಂದನ್ನು ಮುಂದಿಟ್ಟು ಅದರ ಇತಿಹಾಸವನ್ನು ಸಾಮ್ರಾಜ್ಯಗಳ ಉತ್ಥಾನ ಪತನಗಳೊಡನೆ ವರ್ಣಿಸುತ್ತೇನೆ. ಕೊಳ್ಳುವಾಗ ನಾನು ಲೋಹಶಾಸ್ತ್ರಜ್ಞ, ಬೆಳ್ಳಿಯ ಧಾರಣೆಯನ್ನು ಮಾತ್ರ ಬಲ್ಲವನು, ಮಾರುವಾಗ ಇತಿಹಾಸಜ್ಞ. ಗಿರವಿ ಅಂಗಡಿಯವರು ಕೊಳ್ಳುವಾಗಲೂ ಕೊಡುವಾಗಲೂ ಒಬ್ಬರೇ ಆಗಿರುತ್ತಾರೆಂಬುದನ್ನು ಒಪ್ಪಲೇಬೇಕು.

ಮೊನ್ನೆ ಕಪಾಟಿನಲ್ಲಿ ಜಾಗ ಸಾಲದೆಂಬ ಪ್ರಸ್ತಾಪ ಬಂದಾಗ ನನ್ನ ಗೃಹಿಣಿಯು, ಬಹಳ ದಿನಗಳಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟಳು: "ರೀ, ಒಟ್ಟು ಎಲ್ಲಾ ಸೇರಿ ಎಷ್ಟು ಬಾಳುತ್ತೆ ಇದು?" ನಾನು ಚುಕ್ಕೆಗಳಿಂದ ಪ್ರಾರಂಭಿಸಿದೆ. ವ್ಯಾಪಾರಿ ಕೊಳ್ಳುವ ಬೆಲೆ ಬೇರೆ, ಮಾರುವ ಬೆಲೆ ಬೇರೆ, ಹರಾಜಿನಲ್ಲಿ ಇಬ್ಬರು ಹಟಮಾರಿಗಳು ಎದುರಾದ ದಿನದ ಬೆಲೆ ಬೇರೆ, ಇಬ್ಬರಲ್ಲೊಬ್ಬನಿಗೆ ನೆಗಡಿಯಾಗಿ ಬಾರದಿದ್ದ ದಿನದ ಬೆಲೆ ಬೇರೆ ಎಂದು ವಿವರಿಸಿದೆ. ಅವಳು ಹೊಲಿಗೆಯನ್ನು ಬಿಡದೆ ಎಲ್ಲವನ್ನೂ ಕೇಳಿ, "ಸರಿ. ಎಷ್ಟು?" ಎಂದಳು. ಅಡುಗೆಯ ಮನೆಯಲ್ಲಿ ಹಿಟ್ಟು ತೂಗುವ ತಕ್ಕಡಿಯೊಂದಿದೆ. ನಾನು ಬೆಳ್ಳಿಯ ಡಬ್ಬಿಯನ್ನು ಎತ್ತಿಕೊಂಡು ಹೋಗಿ, ಯಾರೂ ನೋಡುತ್ತಿಲ್ಲವೆಂದು ನಿಶ್ಚಯಮಾಡಿಕೊಂಡು, ಅದರ ಮೇಲಿರಿಸಿ, ಅಂಕಿ ನಿಲ್ಲುವವರೆಗೆ ಕಾದು, ಬಂದು ಹೇಳಿದೆ.

"ಡಬ್ಬಿ ಸೇರಿಸಿಯೋ, ಬಿಟ್ಟೋ?" ಎಂದಳು.